ಮನೆಯಡಿಯ ತೇವಕ್ಕೆ ನಾವು ಕೊಟ್ಟ ದುಡ್ಡಿನ ಲೆಕ್ಕ

ಮನೆಯಡಿಯ ತೇವ ಸರಿಪಡಿಸಲು ಒಂದು ಕಂಪನಿ 5,900 ಡಾಲರ್ ಎಂದಿತು. ಇನ್ನೊಂದು 11,600. ಮತ್ತೊಂದು 21,800. ಮೂರೂ ಕಂಪನಿಯವರು ಅದೇ ಸಣ್ಣ ಬಾಗಿಲಿನಿಂದ ನಮ್ಮ ಮನೆಯಡಿಗೆ ತೆವಳಿಕೊಂಡು ಹೋಗಿ, ಅದೇ ಮಣ್ಣು, ಅದೇ ತೊಲೆ ನೋಡಿ ಬಂದು ಬರೆದುಕೊಟ್ಟ ಲೆಕ್ಕ ಇದು. ಇಷ್ಟು ಅಂತರ ಎಲ್ಲಿಂದ ಬಂತು ಅಂತ ತಿಳಿಯುವಷ್ಟರಲ್ಲಿ 2024ರ ಬೇಸಿಗೆ ಮುಗಿದೇ ಹೋಗಿತ್ತು. ಈ ಕಡೆ ಮನೆ ಕೊಳ್ಳುವ ನಮ್ಮವರು ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ. ಅದಕ್ಕೇ ಲೆಕ್ಕವನ್ನು ಬಿಡಿಸಿ ಬರೆಯುತ್ತಿದ್ದೇನೆ.

ನಾವಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. 1990ರ ದಶಕದ ಮನೆ. ಈ ಭಾಗದ ಆ ಕಾಲದ ಮನೆಗಳಲ್ಲಿ ನೆಲಮಾಳಿಗೆ ಕಡಿಮೆ. ಸುತ್ತ ಗಿಡ್ಡ ಗೋಡೆ ಎಬ್ಬಿಸಿ, ಅದರ ಮೇಲೆ ಮರದ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ನಾವು ಓಡಾಡುವ ನೆಲ. ಕೆಳಗೆ ಕೆಂಪು ಜೇಡಿಮಣ್ಣು. ನಡುವೆ ಎರಡರಿಂದ ನಾಲ್ಕು ಅಡಿ ಖಾಲಿ ಜಾಗ. ಇದೇ ಕ್ರಾಲ್ ಸ್ಪೇಸ್. ನೀರಿನ ಪೈಪು, ಎಸಿಯ ಗಾಳಿ ಸಾಗಿಸುವ ಡಕ್ಟು, ವೈರು ಎಲ್ಲ ಅದರೊಳಗೇ ಹಾದುಹೋಗುತ್ತವೆ. ಮನೆ ಕೊಂಡಮೇಲೆ ಅಲ್ಲಿಗೆ ಇಳಿದು ನೋಡುವವರು ತುಂಬಾ ಕಮ್ಮಿ.

ನಮಗೆ ಮೊದಲು ಸುಳಿವು ಸಿಕ್ಕಿದ್ದು ಮೂಗಿನಿಂದ. ಸಾಗರದಿಂದ ಅಮ್ಮ ಬಂದಿದ್ದರು. ಜೂನ್ ತಿಂಗಳು. ಊಟದ ಕೋಣೆಗೆ ಬಂದವರೇ, "ಏನೇ ಇದು, ಮುಗ್ಗು ವಾಸನೆ? ಎಲ್ಲೋ ತೇವ ಕೂತಿದೆ ಕಣೇ" ಅಂದರು. ಮಲೆನಾಡಿನಲ್ಲಿ ಮಳೆಗಾಲ ಕಳೆದವರಿಗೆ ಆ ವಾಸನೆಯ ಗುರುತು ತಪ್ಪುವುದಿಲ್ಲ. ಆಮೇಲೆ ನೋಡಿದರೆ ಅದೇ ಕೋಣೆಯಲ್ಲಿ ಮರದ ಹಲಗೆಗಳ ಅಂಚು ಸ್ವಲ್ಪ ಮೇಲೆದ್ದಿತ್ತು. ಬರಿಗಾಲಲ್ಲಿ ನಡೆದರೆ ಗೆರೆಗೆರೆಯಾಗಿ ತಾಗುತ್ತಿತ್ತು. ಹಲಗೆಯ ಅಡಿಭಾಗ ತೇವ ಕುಡಿದು ಹಿಗ್ಗಿ, ಮೇಲ್ಭಾಗ ಎಸಿಯ ಗಾಳಿಗೆ ಒಣಗಿಯೇ ಇದ್ದರೆ ಹಾಗಾಗುತ್ತದೆ.

ಮಂಡಿಗೆ ಪ್ಯಾಡು ಕಟ್ಟಿ, ಮಾಸ್ಕು ಹಾಕಿ, ಟಾರ್ಚು ಹಿಡಿದು ನಾನೇ ಒಳಗೆ ಹೋದೆ. ಹೊರಗೆ ಸುಡುಬಿಸಿಲು, ಒಳಗೆ ತಣ್ಣಗೆ. ಎಸಿ ಡಕ್ಟಿನ ಹೊಟ್ಟೆಯ ಉದ್ದಕ್ಕೂ ನೀರಿನ ಹನಿ ಸಾಲುಗಟ್ಟಿ ನಿಂತಿತ್ತು. ಬಿಸಿ-ತಂಪು ತಡೆಯಲು ಜಂತೆಗಳ ನಡುವೆ ಸಿಕ್ಕಿಸಿದ್ದ ಗುಲಾಬಿ ಬಣ್ಣದ ಫೈಬರ್‌ಗ್ಲಾಸ್ ನೀರು ಹೀರಿ ಭಾರವಾಗಿ, ಕೆಲವು ಕಡೆ ಹರಿದು ಜೋತಾಡುತ್ತಿತ್ತು. ಜಂತೆಯ ಬದಿಗಳಲ್ಲಿ ಬೂದು-ಬಿಳಿ ಬೂಷ್ಟು. ಒಂದು ಮೂಲೆಯಲ್ಲಂತೂ ಬಟ್ಟೆ ಒಣಗಿಸುವ ಮಷೀನಿನ ಗಾಳಿಕೊಳವೆ ಕಳಚಿಕೊಂಡು ಅಲ್ಲೇ ಬಾಯಿ ತೆರೆದು ಬಿದ್ದಿತ್ತು. ಅದರ ಮುಂದೆ ಒದ್ದೆ ನೂಲಿನ ಜುಂಗು ಬೊಗಸೆಗಟ್ಟಲೆ, ಬೂದು ಬಣ್ಣಕ್ಕೆ ತಿರುಗಿ, ಮಣ್ಣಿಗೆ ಮೆತ್ತಿಕೊಂಡಿತ್ತು. ಯಾವಾಗ ಕಳಚಿತ್ತೋ ಏನೋ, ಅವತ್ತಿಂದ ನಾವು ಒಣಗಿಸಿದ ಪ್ರತಿ ಬಟ್ಟೆಯ ನೀರೂ ಮನೆಯಡಿಗೇ ಹೋಗುತ್ತಿತ್ತು.

ಸುತ್ತಲ ಗೋಡೆಯಲ್ಲಿ ಗಾಳಿಕಿಂಡಿಗಳಿದ್ದವು. ಕಿಂಡಿ ಇದ್ದರೆ ತೇವ ಆರಬೇಕಲ್ವಾ? ಮೊದಲು ನನಗೂ ಹಾಗೇ ಅನ್ನಿಸಿತು. ಕಟ್ಟಡದ ನಿಯಮವೂ ಬಹಳ ವರ್ಷ ಹಾಗೇ ಹೇಳಿಕೊಂಡು ಬಂದಿತ್ತು: ಪ್ರತಿ 150 ಚದರಡಿಗೆ ಒಂದು ಚದರಡಿ ಕಿಂಡಿ. ಚಳಿಗಾಲದಲ್ಲಿ ಇದು ನಡೆಯುತ್ತದೆ, ಆಗಿನ ಗಾಳಿ ಒಣಗಿರುತ್ತದೆ. ಇಲ್ಲಿನ ಬೇಸಿಗೆ ಬೇರೆ. ಜುಲೈಯಲ್ಲಿ ಗಾಳಿಯ ಡ್ಯೂ ಪಾಯಿಂಟು ಎಷ್ಟೋ ದಿನ 21-22 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಂದರೆ ಅದಕ್ಕಿಂತ ತಣ್ಣಗಿರುವ ಯಾವ ವಸ್ತು ಸಿಕ್ಕರೂ ಗಾಳಿ ಅದರ ಮೇಲೆ ನೀರು ಬಿಡುತ್ತದೆ. ಮನೆಯಡಿಯ ಡಕ್ಟು, ತಣ್ಣೀರಿನ ಪೈಪು, ಕೆಲವೊಮ್ಮೆ ಮರವೂ ಅದಕ್ಕಿಂತ ತಣ್ಣಗಿರುತ್ತವೆ. ಫ್ರಿಜ್ಜಿನ ಮಜ್ಜಿಗೆ ತುಂಬಿದ ಸ್ಟೀಲ್ ಲೋಟ ಬೆವರುವಂತೆ ಇಡೀ ಮನೆಯಡಿ ಬೆವರುತ್ತದೆ. ಕಿಂಡಿಯಿಂದ ತೇವ ಹೊರಗೆ ಹೋಗುವ ಬದಲು ಒಳಗೆ ಬರುತ್ತದೆ. ಅಲ್ಲಿಂದ ಪೈಪು, ವೈರು ತೂರಿಸಿದ ತೂತುಗಳ ಮೂಲಕ ಮನೆಗೂ ಏರುತ್ತದೆ. ಅಮ್ಮನಿಗೆ ಬಂದ ವಾಸನೆ ಆ ದಾರಿಯಲ್ಲೇ ಬಂದಿದ್ದು.

ಹಾಗಾಗಿ ಕಿಂಡಿ ಮುಚ್ಚಿ, ಮಣ್ಣಿನ ಮೇಲೆ ಮತ್ತು ಗೋಡೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಳಗೊಂದು ಡೀಹ್ಯೂಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರುವ ಯಂತ್ರ, ಇಡುವುದು ಈಗಿನ ಪದ್ಧತಿ. ಇದಕ್ಕೆ ಎನ್‌ಕ್ಯಾಪ್ಸುಲೇಶನ್ ಅನ್ನುತ್ತಾರೆ. ನಮ್ಮ ಪಕ್ಕದ ರಾಲಿಯಲ್ಲಿರುವ ಅಡ್ವಾನ್ಸ್ಡ್ ಎನರ್ಜಿ ಎಂಬ ಸಂಸ್ಥೆ ಇದೇ ರಾಜ್ಯದ ಪ್ರಿನ್ಸ್‌ವಿಲ್ ಊರಿನ 12 ಮನೆಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿತ್ತು. 1999ರ ಫ್ಲಾಯ್ಡ್ ಚಂಡಮಾರುತದಲ್ಲಿ ಮುಳುಗಿದ ಊರು ಅದು. ಮುಚ್ಚಿದ ಕ್ರಾಲ್ ಸ್ಪೇಸ್ ಇದ್ದ ಮನೆಗಳಲ್ಲಿ ತೇವ ಕಡಿಮೆಯಾಯಿತು. ಮನೆ ಬಿಸಿ-ತಂಪು ಮಾಡುವ ಖರ್ಚು ಸರಾಸರಿ 15 ಶೇಕಡಾ ಅಥವಾ ಅದಕ್ಕೂ ಜಾಸ್ತಿ ಇಳಿಯಿತು. ಈ ಶೇಕಡಾ ಲೆಕ್ಕಕ್ಕೆ ಆಮೇಲೆ ಬರುತ್ತೇನೆ, ಯಾಕೆಂದರೆ ಮಾರಾಟಗಾರರು ಅದನ್ನೇ ಹಿಡಿದುಕೊಂಡು ಮಾತಾಡುತ್ತಾರೆ.

ಕಂಪನಿಗಳನ್ನು ಕರೆದೆವು. ಪುಕ್ಕಟೆ ತಪಾಸಣೆ, ಆದರೆ ಬರುವವರೆಲ್ಲ ಮಾರಾಟಕ್ಕೇ ಬರುವವರು. 21,800 ಹೇಳಿದವರು ಟ್ಯಾಬ್ಲೆಟ್ಟಿನಲ್ಲಿ ನಮ್ಮದೇ ಜಂತೆಯ ಬೂಷ್ಟನ್ನು ದೊಡ್ಡದು ಮಾಡಿ ತೋರಿಸಿದರು. ನೋಡಿದರೆ ಭಯವಾಗುತ್ತದೆ. 20 ಮಿಲ್ (ಅರ್ಧ ಮಿಲಿಮೀಟರು) ದಪ್ಪದ ಹಾಳೆ, ಒಳಗೋಡೆಯ ಸುತ್ತ ಚರಂಡಿ, ಗುಂಡಿಯಲ್ಲಿ ಸೇರಿದ ನೀರನ್ನು ಹೊರಹಾಕುವ, ಬ್ಯಾಟರಿ ಇರುವ ಸಂಪ್ ಪಂಪು, ನಡುತೊಲೆಗೆ ಉಕ್ಕಿನ ಜಾಕು, ಎಲ್ಲ ಸೇರಿಸಿದ್ದರು. "ಇವತ್ತೇ ಸಹಿ ಹಾಕಿದರೆ 2,500 ಡಾಲರ್ ಬಿಡ್ತೀವಿ" ಎಂದರು. ಇವತ್ತು ಇರುವ ರಿಯಾಯಿತಿ ನಾಳೆ ಯಾಕಿಲ್ಲ ಅಂತ ನನ್ನ ಗಂಡ ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ. ನಾವು ಸಹಿ ಹಾಕಲಿಲ್ಲ.

ಬೂಷ್ಟನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಿ, 400 ಡಾಲರ್ ಆಗುತ್ತೆ ಅಂತಲೂ ಒಬ್ಬರು ಹೇಳಿದರು. ಕಣ್ಣಿಗೆ ಕಾಣುವ ಬೂಷ್ಟಿದ್ದರೆ ಬಹುಪಾಲು ಸಂದರ್ಭದಲ್ಲಿ ಮಾದರಿ ತೆಗೆದು ಪರೀಕ್ಷಿಸುವ ಅಗತ್ಯವಿಲ್ಲ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ (ಇಪಿಎ) ಹೇಳುತ್ತದೆ. ಯಾವ ಜಾತಿಯ ಬೂಷ್ಟಾದರೂ ಮದ್ದು ಒಂದೇ: ತೇವ ನಿಲ್ಲಿಸಬೇಕು, ಬೂಷ್ಟನ್ನು ತೆಗೆಯಬೇಕು. ಆ 400 ಉಳಿಸಿದೆವು.

ನಾವು ಮಾಡಿದ್ದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಕೆಲಸ ಅಂದರೆ ಒಬ್ಬ ಸ್ವತಂತ್ರ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿದ್ದು. ಫೀಸು 500 ಡಾಲರ್. ಅವರು ಹಾಳೆ ಮಾರುವುದಿಲ್ಲ, ಪಂಪು ಮಾರುವುದಿಲ್ಲ. ನಮ್ಮ ಮನೆಗೆ ಏನು ಬೇಕು, ಏನು ಬೇಡ ಅಂತ ಹೇಳುವುದಷ್ಟೇ ಅವರ ಕೆಲಸ. ತೇವ ಅಳೆಯುವ ಎರಡು ಮುಳ್ಳಿನ ಮೀಟರನ್ನು ಮರಕ್ಕೆ ಚುಚ್ಚುತ್ತಾ ಮೂಲೆಯಿಂದ ಮೂಲೆಗೆ ತೆವಳಿದರು. ಬಹಳ ಕಡೆ ಮರದ ತೇವ 16ರಿಂದ 18 ಶೇಕಡಾ. ಡ್ರೈಯರ್ ಕೊಳವೆಯ ಮೂಲೆಯಲ್ಲಿ ಮಾತ್ರ 22. ಸ್ಕ್ರೂಡ್ರೈವರಿನ ತುದಿಯಿಂದ ಮರವನ್ನು ಒತ್ತಿ ನೋಡಿದರು, ಎಲ್ಲೂ ಒಳಗೆ ಇಳಿಯಲಿಲ್ಲ. ಮರ ಕೊಳೆಯಲು ಶುರುವಾಗಬೇಕಾದರೆ ತೇವ 28ರ ಹತ್ತಿರ ಹೋಗಬೇಕು, 20 ದಾಟಿದರೆ ಎಚ್ಚರ ಬೇಕು, 15ರ ಕೆಳಗಿದ್ದರೆ ನೆಮ್ಮದಿ ಅಂತ ವಿವರಿಸಿದರು. ತೊಲೆಗೆ ಜಾಕು ಬೇಕಿಲ್ಲ ಎಂದು ಬರೆದುಕೊಟ್ಟರು. ಅದೊಂದು ಸಾಲಿನಿಂದಲೇ ದೊಡ್ಡ ಅಂದಾಜಿನ 4,000 ಡಾಲರ್ ಹೋಯಿತು.

ಆಮೇಲೆ ಹೊರಗೆ ಬಂದು ಮನೆಯ ಸುತ್ತ ಒಂದು ಸುತ್ತು ಹಾಕಿದರು. "ಒಳಗೆ ಹಾಳೆ ಹಾಸೋದು ಆಮೇಲೆ. ಮೊದಲು ಇದನ್ನ ನೋಡಿ" ಅಂತ ಮಳೆನೀರಿನ ಕೊಳವೆ ತೋರಿಸಿದರು. ಹಿಂಭಾಗದಲ್ಲಿ ಛಾವಣಿಯ ನೀರೆಲ್ಲ ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಹೂವಿನ ಪಾತಿಯ ಮಣ್ಣು ಮನೆಯ ಕಡೆಗೇ ಇಳಿಜಾರಾಗಿತ್ತು. ನಿಯಮದ ಪ್ರಕಾರ ಮೊದಲ ಹತ್ತು ಅಡಿಯಲ್ಲಿ ಆರು ಇಂಚು ಹೊರಗಡೆಗೆ ಇಳಿಜಾರಿರಬೇಕು. ಜೇಡಿಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳುವುದಿಲ್ಲ. ಗೋಡೆಯ ಬುಡದಲ್ಲಿ ನಿಂತ ನೀರಿಗೆ ಗೋಡೆಯೊಳಗೇ ದಾರಿ.

ನೆಲದಡಿ ನಾಲ್ಕು ಇಂಚಿನ ಪೈಪು ಹೂಳಿಸಿ ಆ ನೀರನ್ನು ಅಂಗಳದಾಚೆ ಬಿಟ್ಟಿದ್ದಕ್ಕೆ 1,150 ಡಾಲರ್. ಮಣ್ಣು ಏರಿಸಿ ಇಳಿಜಾರು ಸರಿ ಮಾಡಿಸಿದ್ದಕ್ಕೆ 600. ಡ್ರೈಯರ್ ಕೊಳವೆಗೆ ಹೊಸ ಲೋಹದ ಪೈಪು ಹಾಕಿ ಹೊರಗೋಡೆಗೆ ಕೂಡಿಸಿದ್ದಕ್ಕೆ 180. ಇಷ್ಟಾದ ಮೇಲೆ ಸುಮ್ನೆ ಕಾದೆವು. ಆಗಸ್ಟ್ ಮೊದಲಲ್ಲಿ ಡೆಬಿ ಚಂಡಮಾರುತದ ಮಳೆ ಈ ರಾಜ್ಯದ ಮೇಲೆ ಹಾದುಹೋಯಿತು. ಮಳೆ ನಿಂತ ಮೇಲೆ ಟಾರ್ಚು ಹಿಡಿದು ಮತ್ತೆ ಒಳಗೆ ಹೋದೆ. ಗೋಡೆಯ ಬುಡದಲ್ಲಿ ಎಲ್ಲೂ ನೀರು ನಿಂತಿರಲಿಲ್ಲ. ಅಂದರೆ ಒಳಗೋಡೆಯ ಸುತ್ತ ಚರಂಡಿಯೂ ಬೇಡ, ಸಂಪ್ ಪಂಪೂ ಬೇಡ. ಎಲ್ಲರ ಮನೆಗೂ ಹೀಗೇ ಆಗುತ್ತದೆ ಅಂತಲ್ಲ. ತಗ್ಗಿನಲ್ಲಿರುವ ಮನೆಗೆ, ಅಂತರ್ಜಲ ಮೇಲಿರುವ ಜಾಗಕ್ಕೆ ಪಂಪು ಬೇಕೇಬೇಕು. ಆದರೆ ಹೊರಗಿನ ನೀರನ್ನು ತಿರುಗಿಸುವ ಮೊದಲೇ ಒಳಗೆ ಪಂಪು ಕೂರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ.

5,900 ಹೇಳಿದವರ ಲೆಕ್ಕವನ್ನೂ ಬಿಡಿಸಿ ನೋಡಿದೆವು. 10 ಮಿಲ್ ಹಾಳೆ, ಕಿಂಡಿ ಮುಚ್ಚುವುದು, ಅಷ್ಟೇ. ಹಳೆ ಫೈಬರ್‌ಗ್ಲಾಸ್ ತೆಗೆಯುವುದಿಲ್ಲ, ಬೂಷ್ಟು ಮುಟ್ಟುವುದಿಲ್ಲ, ಡೀಹ್ಯೂಮಿಡಿಫೈಯರ್ "ಬೇಕಾದರೆ ಆಮೇಲೆ." ಕಿಂಡಿ ಮುಚ್ಚಿ, ಒಣಗಿಸುವ ದಾರಿಯನ್ನೇ ಇಡದಿದ್ದರೆ ಒಳಗಿನ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಈ ರಾಜ್ಯದ ನಿಯಮವೂ ಮುಚ್ಚಿದ ಕ್ರಾಲ್ ಸ್ಪೇಸಿಗೆ ಏನಾದರೊಂದು ಒಣಗಿಸುವ ವ್ಯವಸ್ಥೆ ಇರಲೇಬೇಕು ಅನ್ನುತ್ತದೆ. ಇನ್ನೊಂದು ವಿಷಯ: ಅವರು ಹಾಳೆಯನ್ನು ಗೋಡೆಯ ಮೇಲಿನ ಮರದ ತನಕ ಎಳೆದು ಅಂಟಿಸುತ್ತೇವೆ ಅಂದಿದ್ದರು. ಅದು ಆಗುವುದಿಲ್ಲ. ಗೋಡೆಯ ಮೇಲ್ತುದಿಯಲ್ಲಿ ಮೂರು ಇಂಚು ಖಾಲಿ ಬಿಡಬೇಕು. ಗೆದ್ದಲು ಮಣ್ಣಿನಿಂದ ಮರಕ್ಕೆ ಏರುವಾಗ ಕಟ್ಟುವ ಮಣ್ಣಿನ ಕೊಳವೆ ಕಾಣುವುದು ಆ ಪಟ್ಟಿಯ ಮೇಲೆ ಮಾತ್ರ. ಅದನ್ನು ಮುಚ್ಚಿದರೆ ಗ್ಯಾರಂಟಿ ರದ್ದಾಗುತ್ತದೆ ಎಂದು ನಮ್ಮ ಗೆದ್ದಲು ಕಂಪನಿಯವರು ಮೊದಲೇ ಹೇಳಿದ್ದರು. ಈ ಪಟ್ಟಿ ಬಿಡುತ್ತೀರಾ ಅಂತ ಒಂದು ಪ್ರಶ್ನೆ ಕೇಳಿದರೆ ಸಾಕು, ಎದುರಿಗಿರುವವರಿಗೆ ಕೆಲಸ ಗೊತ್ತೋ ಇಲ್ಲವೋ ತಿಳಿಯುತ್ತದೆ.

ಕೊನೆಗೆ ನಡುವಿನ ಕಂಪನಿಯನ್ನೇ ಹಿಡಿದೆವು, ಆದರೆ ಒಟ್ಟು ಮೊತ್ತ ಒಪ್ಪಲಿಲ್ಲ. ಒಂದೊಂದು ಕೆಲಸಕ್ಕೂ ಬೇರೆ ಬೇರೆ ಬೆಲೆ ಬರೆದುಕೊಡಿ ಅಂದೆವು. ಮೊದಲು ಸ್ವಲ್ಪ ಹಿಂದೆಮುಂದೆ ನೋಡಿ ಆಮೇಲೆ ಬರೆದುಕೊಟ್ಟರು. ನಮ್ಮ ನೆಲದ ಅಳತೆ 1,400 ಚದರಡಿ. ಹಳೆ ಫೈಬರ್‌ಗ್ಲಾಸ್, ಕಸ ತೆಗೆದು ಸಾಗಿಸಲು 1,200. ಬೂಷ್ಟು ಉಜ್ಜಿ ತೆಗೆದು ಮರ ಕೊಳೆಯದಂತೆ ಕಾಯುವ ಬೋರೇಟ್ ಮದ್ದು ಸಿಂಪಡಿಸಲು 1,500. ನೆಲ ಮತ್ತು ಗೋಡೆಗೆ 12 ಮಿಲ್ ಹಾಳೆ, ಕೂಲಿಯೂ ಸೇರಿ 4,600. ಗೋಡೆಗೆ ಬಿಸಿ-ತಂಪು ತಡೆಯುವ ಫೋಮ್ ಬೋರ್ಡು 1,500. ಕಿಂಡಿ ಮುಚ್ಚಿ, ಗಾಳಿ ತೂರದ ಹೊಸ ಬಾಗಿಲು ಕೂರಿಸಲು 600. ಡೀಹ್ಯೂಮಿಡಿಫೈಯರ್ ಮತ್ತು ಅದರ ನೀರು ಹೊರಹಾಕುವ ಪುಟ್ಟ ಪಂಪಿಗೆ 1,900. ಒಟ್ಟು 11,300. ಇದರ ಮೇಲೆ ಎಲೆಕ್ಟ್ರಿಷಿಯನ್ ಒಂದು ಪ್ಲಗ್ ಪಾಯಿಂಟು ಕೊಟ್ಟಿದ್ದಕ್ಕೆ 350. ಎಂಜಿನಿಯರ್ ಫೀಸು, ಹೊರಗಿನ ಪೈಪು, ಮಣ್ಣು, ಡ್ರೈಯರ್ ಕೊಳವೆ ಎಲ್ಲ ಸೇರಿಸಿದರೆ 14,080 ಡಾಲರ್.

ಫೋನಿನಲ್ಲಿ ಅಮ್ಮನಿಗೆ ರೂಪಾಯಿ ಲೆಕ್ಕ ಹೇಳಿದೆ. "ಹನ್ನೆರಡು ಲಕ್ಷಾನಾ? ಮಣ್ಣಿಗೆ ಪ್ಲಾಸ್ಟಿಕ್ ಹಾಸೋಕೆ?" ಅಂದರು. ನಿಜ, ಕೇಳಿದವರಿಗೆ ಹಾಗೇ ಅನ್ನಿಸುತ್ತದೆ. ಆದರೆ ಈ ಪಟ್ಟಿಯಲ್ಲಿ ಹಾಳೆಯ ಪಾಲು ಮೂರನೇ ಒಂದಂಶ ಮಾತ್ರ. ಅದರಲ್ಲೂ ಹಾಳೆಯ ಬೆಲೆಗಿಂತ ಕೂಲಿಯೇ ಜಾಸ್ತಿ. ಎರಡಡಿ ಎತ್ತರದ ಜಾಗದಲ್ಲಿ ಮಲಗಿಕೊಂಡು, ಪ್ರತಿ ಕಂಬದ ಸುತ್ತ ಹಾಳೆ ಕತ್ತರಿಸಿ, ಅಂಚಿನ ಮೇಲೆ ಅಂಚು ಬರುವಂತೆ ಹಾಸಿ ಟೇಪು ಹಾಕುವ ಕೆಲಸ. ಬಂದ ಹುಡುಗರು ಊಟಕ್ಕೆ ಹೊರಗೆ ಬಂದಾಗ ತಲೆಯಿಂದ ಕಾಲಿನವರೆಗೆ ಕೆಂಪು ಮಣ್ಣು. ಆ ದುಡ್ಡು ಅವರ ಕೈಗೆ ಪೂರ್ತಿ ಹೋಗಿದ್ದರೂ ನನಗೆ ಬೇಜಾರಿರಲಿಲ್ಲ.

ಹಾಳೆಯ ದಪ್ಪದ ಬಗ್ಗೆ ಒಂದು ಮಾತು. ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. 12 ಮಿಲ್ ಅಂದರೆ 0.3 ಮಿಲಿಮೀಟರು, 20 ಮಿಲ್ ಅಂದರೆ ಅರ್ಧ ಮಿಲಿಮೀಟರು. ನಿಯಮ ಕೇಳುವುದು 6 ಮಿಲ್ ಮಾತ್ರ. ಅದು ತೆವಳುವವರ ಮಂಡಿಗೆ ಬೇಗ ಹರಿಯುತ್ತದೆ, ಅದಕ್ಕೇ ಹೆಚ್ಚು ದಪ್ಪದ್ದು ಬೇಕು. ಆದರೆ ವರ್ಷಕ್ಕೊಮ್ಮೆ ಗೆದ್ದಲಿನವರು, ಎಸಿಯವರು ಬಿಟ್ಟರೆ ಯಾರೂ ಹೋಗದ ಜಾಗಕ್ಕೆ, ಒಳಗೆ ನೂಲಿನ ಬಲೆ ಇರುವ 12 ಮಿಲ್ ಹಾಳೆ ಧಾರಾಳ ಸಾಕು. ಹಾಳೆ ಎಷ್ಟು ದಪ್ಪ ಅನ್ನುವುದಕ್ಕಿಂತ ಕೂಡಿಸಿದ ಜಾಗ ಎಷ್ಟು ಗಟ್ಟಿ ಅನ್ನುವುದು ಮುಖ್ಯ.

ಸ್ವಂತ ಕೈಯಿಂದ ಮಾಡಿದರೆ? ಹಾಸನ ಕಡೆಯ ಗೆಳೆಯರೊಬ್ಬರು ಪಕ್ಕದ ಏಪೆಕ್ಸ್ ಊರಿನಲ್ಲಿದ್ದಾರೆ. ಅವರೇ ಮಾಡಿದರು. ಹಾಳೆ, ಟೇಪು, ಫೋಮು, ಯಂತ್ರ ಸೇರಿ 3,500 ಡಾಲರಿನ ಒಳಗೇ ಮುಗಿಸಿದರು. ಅವರ ಮನೆಯಡಿ ನಾಲ್ಕಡಿ ಎತ್ತರ, ಬೂಷ್ಟೂ ಇರಲಿಲ್ಲ. ಆದರೆ ಅವರಿಗೆ ಬೇರೊಂದು ಖರ್ಚು ಬಂತು. ಅವರ ಮನೆ ಬಿಸಿ ಮಾಡುವ ಗ್ಯಾಸಿನ ಫರ್ನೇಸು ಕ್ರಾಲ್ ಸ್ಪೇಸಿನಲ್ಲೇ ಇದೆ, ಉರಿಯಲು ಗಾಳಿಯನ್ನು ಅಲ್ಲಿಂದಲೇ ಎಳೆಯುತ್ತಿತ್ತು. ಕಿಂಡಿ ಮುಚ್ಚಿದರೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಮನೆಗೆ ಬರುವ ಅಪಾಯ. ಹೊರಗಿನಿಂದ ಪೈಪಿನಲ್ಲಿ ಗಾಳಿ ತೆಗೆದುಕೊಳ್ಳುವ ಬಗೆಯ ಫರ್ನೇಸು ಹಾಕಿಸಿಕೊಂಡ ಮೇಲೆಯೇ ಅವರು ಕಿಂಡಿ ಮುಚ್ಚಿದ್ದು. ಮನೆಯಡಿ ಗ್ಯಾಸ್ ಉಪಕರಣ ಇರುವವರು ಇದನ್ನು ದಯವಿಟ್ಟು ಮರೆಯಬೇಡಿ. ಇದು ಜೀವದ ವಿಷಯ. ನಮ್ಮದು ಕರೆಂಟಿನಿಂದ ಓಡುವ ಹೀಟ್ ಪಂಪು, ಹಾಗಾಗಿ ಈ ತೊಂದರೆ ಬರಲಿಲ್ಲ.

ವಿಮೆ ಸಿಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಸಿಗಲಿಲ್ಲ. ಪೈಪು ಏಕಾಏಕಿ ಒಡೆದರೆ ಒಂದು ಮಾತು, ನಿಧಾನವಾಗಿ ಸೇರಿದ ತೇವಕ್ಕೆ ಮನೆ ವಿಮೆ ಕೊಡುವುದಿಲ್ಲ. ಗೋಡೆಯ ಫೋಮ್ ಬೋರ್ಡಿನ ಸಾಮಾನಿನ ಬೆಲೆಗೆ ಆಗ 30 ಶೇಕಡಾ ತೆರಿಗೆ ರಿಯಾಯಿತಿ ಇತ್ತು, ಕೂಲಿಗೆ ಇರಲಿಲ್ಲ. ಆ ರಿಯಾಯಿತಿಯೂ 2025ರ ಡಿಸೆಂಬರ್ 31ಕ್ಕೆ ಮುಗಿಯಿತು.

ಈಗ ಆ 15 ಶೇಕಡಾ ಮಾತು. ಅದು ಸುಳ್ಳಲ್ಲ. ಆದರೆ ನಿಮ್ಮ ಬಿಲ್ಲಿಗೆ ಹಾಕಿ ನೋಡಿ. ನಮ್ಮ ಮನೆಯನ್ನು ಬಿಸಿ-ತಂಪು ಮಾಡುವ ಖರ್ಚು ವರ್ಷಕ್ಕೆ ಸುಮಾರು 1,100 ಡಾಲರ್. ಅದರಲ್ಲಿ 15 ಶೇಕಡಾ ಅಂದರೆ 165. ಡೀಹ್ಯೂಮಿಡಿಫೈಯರ್ ಓಡುವಾಗ 600 ವಾಟ್ ಹತ್ತಿರ ತಿನ್ನುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಏಳೆಂಟು ತಾಸು ಓಡಿದರೆ ತಿಂಗಳಿಗೆ 20 ಡಾಲರಿನ ಆಸುಪಾಸು. ಉಳಿತಾಯದಲ್ಲಿ ಬಹುಪಾಲು ಅದಕ್ಕೇ ಹೋಗುತ್ತದೆ. ಬಿಲ್ಲಿನ ಉಳಿತಾಯದಿಂದ ಈ ದುಡ್ಡು ವಾಪಸ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದನ್ನು ಮಾಡಿಸುವುದು ತೊಲೆ ಉಳಿಸಿಕೊಳ್ಳಲು, ಮಕ್ಕಳು ಉಸಿರಾಡುವ ಗಾಳಿ ಚೆನ್ನಾಗಿರಲು. ಕೊಳೆತ ತೊಲೆ ಬದಲಿಸುವ ಖರ್ಚಿನ ಮುಂದೆ ಇದು ಸಣ್ಣದು ಎಂದು ಎಂಜಿನಿಯರ್ ಹೇಳಿದ್ದರಲ್ಲಿ ನನಗೆ ಅನುಮಾನವಿಲ್ಲ.

ಕೆಲಸ ಮುಗಿದದ್ದು ಸೆಪ್ಟೆಂಬರಿನಲ್ಲಿ. ಮೊದಲು ಒಳಗಿನ ಆರ್ದ್ರತೆ 85 ಶೇಕಡಾ ಇರುತ್ತಿತ್ತು, ಮಳೆಯ ಮರುದಿನ 90ರ ಮೇಲೆ. ಯಂತ್ರ ಹಾಕಿದ ವಾರದೊಳಗೆ 60ಕ್ಕೆ ಇಳಿಯಿತು. ಕೂಡಲೇ 45ಕ್ಕೆ ಇಳಿಸಬೇಡಿ, ಮರ ಬೇಗ ಒಣಗಿದರೆ ನೆಲದ ಹಲಗೆ ಸೀಳಬಹುದು ಎಂದು ಮೇಸ್ತ್ರಿ ಹೇಳಿದ್ದರು. 55ಕ್ಕೆ ಇಟ್ಟೆವು, ಈಗಲೂ ಅಲ್ಲೇ ಇದೆ. ನಾನೂ ಒಂದು ಮುಳ್ಳಿನ ಮೀಟರು ಕೊಂಡೆ, 35 ಡಾಲರ್. ಮಾರ್ಚಿನಲ್ಲಿ ಚುಚ್ಚಿ ನೋಡಿದಾಗ ಮರದ ತೇವ 13ಕ್ಕೆ ಬಂದಿತ್ತು. ಆ 22 ಇದ್ದ ಮೂಲೆ ಕೂಡ 14. ಊಟದ ಕೋಣೆಯ ಹಲಗೆಗಳ ಅಂಚು ಬಹಳಷ್ಟು ತಾನಾಗೇ ಕೂತಿದೆ. ನೆಲ ಉಜ್ಜಿಸಿ ಪಾಲಿಶ್ ಮಾಡಿಸಲು ಯೋಚಿಸಿದ್ದೆವು, ಬಿಟ್ಟೆವು.

ಇನ್ನು ಮುಂದಿನ ಖರ್ಚು. ವರ್ಷಕ್ಕೆ 299 ಡಾಲರಿನ ಸರ್ವಿಸ್ ಒಪ್ಪಂದ ಮಾಡಿಕೊಳ್ಳಿ ಎಂದು ಕಂಪನಿಯವರು ಕೇಳಿದರು, ಬೇಡ ಅಂದೆವು. ಅವರು ಬಂದು ಮಾಡುವುದು ಫಿಲ್ಟರ್ ಬದಲಿಸುವುದು, ಪಂಪಿನ ತೊಟ್ಟಿ ತೊಳೆಯುವುದು, ಹಾಳೆ ಬಿಟ್ಟಿದೆಯಾ ನೋಡುವುದು. ಅಷ್ಟನ್ನು ನನ್ನ ಗಂಡ ಒಂದು ಭಾನುವಾರ ಮಾಡಿ ಮುಗಿಸುತ್ತಾರೆ. ಆದರೆ ಡೀಹ್ಯೂಮಿಡಿಫೈಯರ್ ಹತ್ತಿಪ್ಪತ್ತು ವರ್ಷ ಬಾಳುವ ಸಾಮಾನಲ್ಲ. ಅದಕ್ಕೆ ಅಂತಲೇ ತಿಂಗಳಿಗೆ 25 ಡಾಲರ್ ಬೇರೆ ಎತ್ತಿಡುತ್ತಿದ್ದೇವೆ. ಕೆಟ್ಟ ದಿನವೇ ಹೊಸದು ತರುವಷ್ಟು ದುಡ್ಡು ಕೈಯಲ್ಲಿರಬೇಕು. ಜುಲೈಯಲ್ಲಿ ಅದು ನಿಂತು ನಮಗೆ ಗೊತ್ತಾಗದೆ ಹೋದರೆ ಮನೆಯಡಿ ಮತ್ತೆ ತೇವ ಕೂರುತ್ತದೆ. ಹಾಗಾಗದಿರಲೆಂದು ಒಳಗೊಂದು ಸಣ್ಣ ಸೆನ್ಸರ್ ಇಟ್ಟಿದ್ದೇವೆ, 20 ಡಾಲರಿನದು. ಆರ್ದ್ರತೆ 65 ದಾಟಿದರೆ ನಮ್ಮಿಬ್ಬರ ಫೋನಿಗೂ ಸಂದೇಶ ಬರುತ್ತದೆ.